ಮೆಲ್ಬರ್ನ್‌ನಲ್ಲಿ ನಮ್ಮ ಕಾಫಿ ಯಾಕೆ ನಡೆಯಲಿಲ್ಲ: ನನ್ನ ಅನುಭವ

2017ರ ಫೆಬ್ರವರಿಯಲ್ಲಿ ನಾನು ಮೆಲ್ಬರ್ನ್‌ಗೆ ಬಂದಿಳಿದಾಗ ಕೈಯಲ್ಲಿ ಒಂದು ಸೂಟ್‌ಕೇಸ್, ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ಲಾನ್ ಇತ್ತು. ಮೂರು ವರ್ಷದಲ್ಲಿ 12 ಅಂಗಡಿ. ನಮ್ಮದು ತನ್ನ ದೇಶದಲ್ಲಿ ಒಳ್ಳೆ ಹೆಸರು ಮಾಡಿದ್ದ ಕಾಫಿ ಚೈನ್. ಹೆಸರು ಬೇಡ, ಅಲ್ಲಿ ಈಗಲೂ ಗೆಳೆಯರಿದ್ದಾರೆ. ನಾನು ಅದರ ಆಪರೇಷನ್ಸ್ ಮ್ಯಾನೇಜರ್. ಮೂರು ವರ್ಷ ಮುಗಿಯುವ ಹೊತ್ತಿಗೆ ನಾವು ತೆರೆದದ್ದು ಮೂರು ಅಂಗಡಿ ಮತ್ತು ಒಂದು ಗೂಡಂಗಡಿ. ಅದರಲ್ಲಿ ಉಳಿದದ್ದು ಗೂಡಂಗಡಿ ಮಾತ್ರ, ಅದೂ ನಮ್ಮ ಹೆಸರಿನಲ್ಲಿ ಅಲ್ಲ.

ಆಸ್ಟ್ರೇಲಿಯಾದಲ್ಲಿ ಸ್ಟಾರ್‌ಬಕ್ಸೇ ಸೋತಿದೆಯಲ್ಲ, ನಿಮಗೆ ಗೊತ್ತಿರಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಗೊತ್ತಿತ್ತು. ನಮ್ಮ ಪ್ಲಾನ್‌ನ ನಾಲ್ಕನೇ ಪುಟವೇ ಅದು. ಅವರು 2000ದಲ್ಲಿ ಸಿಡ್ನಿಯಲ್ಲಿ ಶುರು ಮಾಡಿದರು, ಎಂಟು ವರ್ಷದಲ್ಲಿ 80ಕ್ಕೂ ಹೆಚ್ಚು ಅಂಗಡಿ ತೆರೆದರು, 2008ರಲ್ಲಿ ಒಂದೇ ಏಟಿಗೆ 61 ಅಂಗಡಿ ಮುಚ್ಚಿದರು, 2014ರಲ್ಲಿ ಉಳಿದವನ್ನೂ ಅಲ್ಲಿ ಸೆವೆನ್ ಇಲೆವೆನ್ ಅನ್ನೋ ದಿನಬಳಕೆ ಸಾಮಾನಿನ ಅಂಗಡಿಗಳನ್ನು ನಡೆಸುತ್ತಿದ್ದ ಕುಟುಂಬಕ್ಕೆ ಮಾರಿದರು. ಇಷ್ಟೆಲ್ಲ ಬರೆದು, ಆ ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ ನಾವು ಹಾಕಿಕೊಂಡಿದ್ದ ಪಾಠ ಇಷ್ಟೇ: ಅವರು ಅವಸರ ಮಾಡಿದರು, ನಾವು ನಿಧಾನವಾಗಿ ಹೋಗೋಣ. ಈಗ ನೆನೆಸಿಕೊಂಡರೆ ನಗು ಬರುತ್ತೆ. ಬೇರೆಯವರ ಸೋಲನ್ನು ನಮಗೆ ಬೇಕಾದ ಹಾಗೆ ಓದಿಕೊಂಡಿದ್ದೆವು. ಅವಸರ ಮಾಡದೆಯೂ ಅದೇ ಗುಂಡಿಗೆ ಬೀಳಬಹುದು ಅನ್ನೋದು ಯಾರ ತಲೆಗೂ ಹೊಳೆಯಲಿಲ್ಲ, ನನ್ನ ತಲೆಗೂ.

ಆ ಊರಿನ ಕಾಫಿ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್ ಕಡೆಯಿಂದ ಸಾವಿರಾರು ಜನ ಮೆಲ್ಬರ್ನ್‌ಗೆ ಬಂದು ನೆಲೆಸಿದರು. ಅವರ ಜೊತೆ ಎಸ್ಪ್ರೆಸೊ ಮಷೀನೂ ಬಂತು, ನುಣ್ಣನೆ ಪುಡಿಯೊಳಗೆ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಗಟ್ಟಿ ಕಾಫಿ ಇಳಿಸುವಂಥದ್ದು. ಬರ್ಕ್ ಸ್ಟ್ರೀಟ್‌ನ ಪೆಲೆಗ್ರಿನೀಸ್ 1954ರಿಂದ ನಡೆಯುತ್ತಿದೆ. ಡಿಗ್ರೇವ್ಸ್ ಸ್ಟ್ರೀಟ್‌ನಂಥ ಇಕ್ಕಟ್ಟಿನ ಗಲ್ಲಿಗಳಿಗೆ ಹೋದರೆ ಬಾಗಿಲಿಗೊಂದು ಕೆಫೆ. ಬಹುಪಾಲು ಮಾಲೀಕರೇ ನಿಂತು ನಡೆಸುವಂಥವು. ಬೆಲೆಯಲ್ಲಿ ಕೆಳಗಿನ ಕಡೆ ನೋಡಿದರೆ, ಆಗ ಸೆವೆನ್ ಇಲೆವೆನ್‌ನಲ್ಲಿ ಒಂದು ಡಾಲರ್‌ಗೆ ಮಷೀನ್ ಕಾಫಿ ಸಿಗುತ್ತಿತ್ತು. ಮಧ್ಯದಲ್ಲಿ ಮೆಕ್‌ಡೊನಾಲ್ಡ್ಸ್‌ನವರ ಕಾಫಿ ಅಂಗಡಿ ಮೆಕ್‌ಕೆಫೆ. ಅದು ಹುಟ್ಟಿದ್ದೇ ಮೆಲ್ಬರ್ನ್‌ನಲ್ಲಿ, 1993ರಲ್ಲಿ. ಅಂದರೆ ಅಗ್ಗದ್ದು ಬೇಕಿದ್ದವರಿಗೆ ಅಗ್ಗದ್ದಿತ್ತು, ಒಳ್ಳೆಯದು ಬೇಕಿದ್ದವರಿಗೆ ಒಳ್ಳೆಯದಿತ್ತು, ಕಾರಿನಿಂದ ಇಳಿಯದೆ ಕುಡಿಯುವವರಿಗೂ ವ್ಯವಸ್ಥೆ ಇತ್ತು. ನಾವು ಯಾರಿಗೆ ಅಂತ ಬಂದಿದ್ದೆವು? ಈ ಪ್ರಶ್ನೆಗೆ ನಮ್ಮ ಪ್ಲಾನ್‌ನಲ್ಲಿ ಉತ್ತರ ಇರಲಿಲ್ಲ. ಪ್ರಶ್ನೆಯೇ ಇರಲಿಲ್ಲ, ಹಾಗೆ ನೋಡಿದರೆ.

ಮೊದಲ ಅಂಗಡಿ ಕಾಲಿನ್ಸ್ ಸ್ಟ್ರೀಟ್‌ನ ಪಶ್ಚಿಮದ ತುದಿಯಲ್ಲಿ, ಸದರ್ನ್ ಕ್ರಾಸ್ ರೈಲು ನಿಲ್ದಾಣಕ್ಕೆ ಹತ್ತಿರ. ಸುತ್ತ ಬರೀ ಆಫೀಸುಗಳು. ಜೂನ್‌ಗೆ ತೆರೆಯಬೇಕಿತ್ತು. ತೆರೆದದ್ದು ಸೆಪ್ಟೆಂಬರ್ 25ಕ್ಕೆ. ತಡವಾಗಲು ಕಾರಣ ಕೇಳಿದರೆ ನಗುತ್ತೀರಿ: ಗ್ರೀಸ್ ಟ್ರ್ಯಾಪ್. ಅಡುಗೆಮನೆಯ ಜಿಡ್ಡು ಚರಂಡಿಗೆ ಹೋಗದ ಹಾಗೆ ತಡೆಯುವ ತೊಟ್ಟಿ. ನಾವು ಕಾಫಿ ಮಾರುವವರು, ನಮಗ್ಯಾಕೆ ಜಿಡ್ಡಿನ ತೊಟ್ಟಿ ಅಂದುಕೊಂಡಿದ್ದೆ. ಆದರೆ ಮೆನುವಿನಲ್ಲಿ ಬಿಸಿ ತಿಂಡಿ ಇತ್ತಲ್ಲ, ಹಾಗಾಗಿ ಬೇಕಾಯಿತು. ಹಳೇ ಕಟ್ಟಡ, ತೊಟ್ಟಿ ಕೂರಿಸಲು ನೆಲ ಅಗೆಯಬೇಕು, ಅಗೆಯಲು ಕಟ್ಟಡದವರ ಒಪ್ಪಿಗೆ ಬೇಕು, ಅದಾದ ಮೇಲೆ ನೀರಿನ ಕಂಪನಿಯ ಒಪ್ಪಿಗೆ, ಆಮೇಲೆ ಕೌನ್ಸಿಲ್‌ನವರ ತಪಾಸಣೆ. ಮಾಲೀಕರು ಕೊಟ್ಟಿದ್ದ ಬಾಡಿಗೆ ಇಲ್ಲದ ತಿಂಗಳುಗಳೆಲ್ಲ ಇದರಲ್ಲೇ ಕರಗಿಹೋದವು. ಖಾಲಿ ಅಂಗಡಿಗೆ ಬಾಡಿಗೆ ಕಟ್ಟುವಾಗ ಆಗುವ ಹೊಟ್ಟೆಯುರಿ ಇದೆಯಲ್ಲ, ಅದು ಕಟ್ಟಿದವರಿಗೇ ಗೊತ್ತು.

ಸೋಮವಾರ ತೆರೆದೆವು. ಅದೇ ಶುಕ್ರವಾರ ಸರ್ಕಾರಿ ರಜೆ. ವಿಕ್ಟೋರಿಯಾ ರಾಜ್ಯದಲ್ಲಿ ಫುಟ್‌ಬಾಲ್ ಗ್ರ್ಯಾಂಡ್ ಫೈನಲ್‌ನ ಹಿಂದಿನ ದಿನಕ್ಕೂ ರಜೆ ಇದೆ, ಕುದುರೆ ರೇಸಿಗೂ ರಜೆ ಇದೆ. ಹೆಡ್ ಆಫೀಸಿನ ನಿಯಮ ಏನಂದರೆ ವರ್ಷದ 365 ದಿನವೂ ಅಂಗಡಿ ತೆರೆದಿರಬೇಕು. ತೆರೆದೆವು. ಫೈನಲ್‌ನ ಮೆರವಣಿಗೆ, ಜನಜಂಗುಳಿ ಎಲ್ಲ ಊರಿನ ಇನ್ನೊಂದು ತುದಿಯಲ್ಲಿ. ನಮ್ಮ ಕಡೆ ಆಫೀಸುಗಳಿಗೆ ಬೀಗ. ನಾಲ್ಕು ಜನ ಕೆಲಸದವರು, ಪ್ರತಿಯೊಬ್ಬರಿಗೂ ಆ ದಿನ ಎರಡೂಕಾಲು ಪಟ್ಟು ಸಂಬಳ. ಮಧ್ಯಾಹ್ನದವರೆಗೆ ಬಂದ ಗಿರಾಕಿಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಿತ್ತು. ಅದರಲ್ಲಿ ಇಬ್ಬರು ಟಾಯ್ಲೆಟ್ ಕೇಳಲು ಬಂದವರು.

ಈ ಸಂಬಳದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮನ್ನು ನಿಜವಾಗಿ ಮುಳುಗಿಸಿದ್ದು ಇದೇ. ಜೊತೆಗೆ, ರುಚಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಜನ ಇದರ ಬಗ್ಗೆ ಬಾಯೇ ಬಿಡುವುದಿಲ್ಲ.

ಆಗ ಒಂದು ಫ್ಲಾಟ್ ವೈಟ್‌ಗೆ, ಅಂದರೆ ಎಸ್ಪ್ರೆಸೊಗೆ ಬಿಸಿ ಹಾಲು ಬೆರೆಸಿದ ಅಲ್ಲಿನ ಮಾಮೂಲಿ ಕಾಫಿಗೆ, ನಾವು 4 ಡಾಲರ್ ಇಟ್ಟಿದ್ದೆವು. ಅದರಲ್ಲಿ 36 ಸೆಂಟ್ ಜಿಎಸ್‌ಟಿಗೆ ಹೋಗುತ್ತೆ. ಕಾಫಿ ಬೀಜ ಕಿಲೋಗೆ 30 ಡಾಲರ್ ಅಂತ ಇಟ್ಟುಕೊಳ್ಳಿ, ಒಂದು ಡಬಲ್ ಶಾಟ್‌ಗೆ (ಕಪ್ಪಿಗೆ ಹಾಕುವ ಎರಡು ಅಳತೆ ಎಸ್ಪ್ರೆಸೊಗೆ) 20 ಗ್ರಾಂ ಪುಡಿ, ಕಿಲೋಗೆ 50 ಕಾಫಿ, ಅಂದರೆ 60 ಸೆಂಟ್. ಹಾಲು, ಕಪ್, ಮುಚ್ಚಳ ಎಲ್ಲ ಸೇರಿ ಇನ್ನೊಂದು 50. ಕೈಗೆ ಉಳಿಯುವುದು ಎರಡೂವರೆ ಡಾಲರ್. ಬಾಡಿಗೆ, ಕರೆಂಟು, ಸಂಬಳ ಎಲ್ಲ ಇದರಲ್ಲೇ ಆಗಬೇಕು. 2018ರ ಜುಲೈನಿಂದ ದೇಶದ ಕನಿಷ್ಠ ಕೂಲಿ ಗಂಟೆಗೆ 18.93 ಡಾಲರ್ ಆಗಿತ್ತು. ಕೆಲಸ ಕಲಿತ ಹುಡುಗ ಹುಡುಗಿಯರಿಗೆ 20ರ ಮೇಲೆಯೇ. ನಮಗೆ ಅನ್ವಯಿಸುತ್ತಿದ್ದ ಸಂಬಳದ ಕಟ್ಟಳೆಯ ಪ್ರಕಾರ ಭಾನುವಾರ ಒಂದೂವರೆ ಪಟ್ಟು. ಹಾಗಾದರೆ ತಲೆಗೆ 30 ಡಾಲರ್, ಅದರ ಮೇಲೆ ನಿವೃತ್ತಿ ನಿಧಿಗೆ ಆಗ 9.5 ಪರ್ಸೆಂಟ್. ಇಬ್ಬರನ್ನು ನಿಲ್ಲಿಸಿದರೆ ಗಂಟೆಗೆ ಹತ್ತಿರ ಹತ್ತಿರ 66 ಡಾಲರ್. ಅಂದರೆ ಗಂಟೆಗೆ 26 ಕಾಫಿ ಮಾರಿದರೆ ಆ ಇಬ್ಬರ ಸಂಬಳ ಹುಟ್ಟುತ್ತೆ, ಅಷ್ಟೇ. ಬಾಡಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕಾಲಿನ್ಸ್ ಸ್ಟ್ರೀಟ್‌ನಲ್ಲಿ ಭಾನುವಾರ ಮಧ್ಯಾಹ್ನ ಎರಡರ ಮೇಲೆ ನಾವು ಮಾರುತ್ತಿದ್ದದ್ದು ಗಂಟೆಗೆ ಒಂಬತ್ತು.

ನಾನಿದನ್ನು ಎಕ್ಸೆಲ್‌ನಲ್ಲಿ ಹಾಕಿ ಹೆಡ್ ಆಫೀಸಿಗೆ ಕಳಿಸಿದೆ. ಅಲ್ಲಿಂದ ಫೋನ್ ಬಂತು. "ಭಾನುವಾರ ಅಲ್ವಾ ನಮಗೆ ಜಾಸ್ತಿ ವ್ಯಾಪಾರ? ನೀವು ಮುಚ್ತೀನಿ ಅಂತೀರಲ್ಲ?" ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಅವರ ದೇಶದಲ್ಲಿ ನಮ್ಮ ಅಂಗಡಿಗಳ ಗಳಿಕೆಯ ದೊಡ್ಡ ಪಾಲು ಸಂಜೆ ಐದರಿಂದ ಹತ್ತರ ಒಳಗೆ, ಅದರಲ್ಲೂ ಶನಿವಾರ ಭಾನುವಾರ. ಜನ ಗುಂಪಾಗಿ ಬಂದು ಗಂಟೆಗಟ್ಟಲೆ ಕೂರುತ್ತಾರೆ. ಮೆಲ್ಬರ್ನ್‌ನ ಆಫೀಸು ಜನ ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ಕಾಫಿ ಮುಗಿಸುತ್ತಾರೆ, ಊಟದ ಹೊತ್ತಿಗೆ ಇನ್ನೊಂದು, ಮೂರರ ಮೇಲೆ ಇಲ್ಲವೇ ಇಲ್ಲ. ಅಕ್ಕಪಕ್ಕದ ಕೆಫೆಗಳು ಮೂರು ಗಂಟೆಗೆ ಕುರ್ಚಿ ಎತ್ತಿ ಮೇಜಿನ ಮೇಲಿಡುತ್ತಿದ್ದವು. ನಮ್ಮ ತಂಡ ಅದನ್ನು ನೋಡಿ "ಸಂಜೆ ಪೈಪೋಟಿಯೇ ಇಲ್ಲ" ಅಂತ ಖುಷಿಪಟ್ಟಿತ್ತು! ಪೈಪೋಟಿ ಯಾಕಿಲ್ಲ ಅಂದರೆ ಸಂಜೆ ಎಲ್ಲರೂ ಪಬ್‌ಗೆ ಇಲ್ಲ ಮನೆಗೆ ಹೋಗುತ್ತಾರೆ. ಪಕ್ಕದ ಕೆಫೆಯವನು ಸೋಮಾರಿ ಅಲ್ಲ, ಲೆಕ್ಕ ಬಲ್ಲವನು ಅನ್ನೋದು ಗೊತ್ತಾಗಲು ನನಗೆ ಎಂಟು ತಿಂಗಳು ಬೇಕಾಯಿತು.

ಈಗ ಕಾಫಿಗೆ ಬರುತ್ತೇನೆ.

ನಮ್ಮ ಬೀಜ ಹುರಿಯುತ್ತಿದ್ದದ್ದು ಹೆಡ್ ಆಫೀಸಿನ ಕಾರ್ಖಾನೆಯಲ್ಲಿ. ಹುರಿದು, ಪ್ಯಾಕ್ ಮಾಡಿ, ಹಡಗಿಗೆ ಹಾಕಿ, ಬಂದರಿನಲ್ಲಿ ಇಳಿಸಿ, ಗೋಡೌನ್‌ಗೆ ತಂದು, ಅಲ್ಲಿಂದ ಅಂಗಡಿಗೆ ಬರುವ ಹೊತ್ತಿಗೆ ಹತ್ತು ವಾರ ಆಗಿರುತ್ತಿತ್ತು. ಪ್ಯಾಕೆಟ್ ಮೇಲೆ ಇನ್ನೂ ಒಂಬತ್ತು ತಿಂಗಳ ಆಯಸ್ಸು ಬರೆದಿರುತ್ತಿತ್ತು, ಅದು ಸುಳ್ಳಲ್ಲ, ಕುಡಿದರೆ ಏನೂ ಆಗಲ್ಲ. ಆದರೆ ಎಸ್ಪ್ರೆಸೊಗೆ ಹುರಿದ ಬೀಜ ಚೆನ್ನಾಗಿರುವುದು ಮೊದಲ ಒಂದು ತಿಂಗಳೋ ಒಂದೂವರೆ ತಿಂಗಳೋ. ಆಮೇಲೆ ಕಾಫಿ ಮೇಲೆ ಕಟ್ಟುವ ಕಂದು ನೊರೆಯ ಕೆನೆ ತೆಳುವಾಗುತ್ತೆ, ವಾಸನೆ ಹೋಗುತ್ತೆ, ಬಾಯಲ್ಲಿ ಒಣಗಿದ ಮರದಂಥ ರುಚಿ ಉಳಿಯುತ್ತೆ. ಪಕ್ಕದ ಬೀದಿಯ ಕೆಫೆಗಾದರೆ, ಹಿಂದಿನ ವಾರವಷ್ಟೇ ಹುರಿದ ಬೀಜವನ್ನು ಮೆಲ್ಬರ್ನ್‌ನ ರೋಸ್ಟರ್, ಅಂದರೆ ಬೀಜ ಹುರಿದು ಮಾರುವವನು, ತಾನೇ ವ್ಯಾನಿನಲ್ಲಿ ತಂದು ಹಾಕುತ್ತಿದ್ದ.

ಅದಕ್ಕಿಂತ ದೊಡ್ಡ ಯಡವಟ್ಟು ಗ್ರೈಂಡರ್‌ನದು. ನಮ್ಮ ಚೈನ್‌ನ ಹೆಮ್ಮೆ ಏನು ಗೊತ್ತಾ? ಯಾವ ಅಂಗಡಿಗೆ ಹೋದರೂ ಒಂದೇ ರುಚಿ. ಅದಕ್ಕಾಗಿ ಪುಡಿ ಎಷ್ಟು ನುಣ್ಣಗಿರಬೇಕು ಅನ್ನೋ ಗ್ರೈಂಡರ್‌ನ ಸೆಟ್ಟಿಂಗ್ ಲಾಕ್ ಮಾಡಿಡುತ್ತಿದ್ದೆವು. ಕೀಲಿ ಏರಿಯಾ ಮ್ಯಾನೇಜರ್ ಹತ್ತಿರ, ಅಂದರೆ ನನ್ನ ಹತ್ತಿರ. ಕೆಲಸದವರು ಮುಟ್ಟುವಂತಿಲ್ಲ. ಮಷೀನೂ ಅರೆ ಸ್ವಯಂಚಾಲಿತ, ಗುಂಡಿ ಒತ್ತಿದರೆ ಸಾಕು. ಕೆಲಸಕ್ಕೆ ಅಂತ ಬಂದ ಮೊದಲ ಹುಡುಗಿಯ ಸಂದರ್ಶನ ನಾನೇ ಮಾಡಿದೆ. ನಾನು ಪ್ರಶ್ನೆ ಕೇಳುವ ಮೊದಲೇ ಅವಳು ಕೇಳಿದಳು: ಬೀಜ ಯಾರು ಹುರಿಯುತ್ತಾರೆ? ಯಾವ ಮಷೀನ್? ಗ್ರೈಂಡರ್ ಎಷ್ಟಿದೆ? ಸಂಬಳ ಆಮೇಲೆ ಕೇಳಿದಳು. ಆ ಊರಲ್ಲಿ ಕಾಫಿ ಮಾಡಿಕೊಡುವ ಬರಿಸ್ಟಾ ಅಂದರೆ ಸುಮ್ನೆ ಕಾಲೇಜು ಹುಡುಗರ ಪಾರ್ಟ್ ಟೈಮ್ ಕೆಲಸ ಅಲ್ಲ, ಹತ್ತು ವರ್ಷ ಅದನ್ನೇ ಮಾಡಿಕೊಂಡು ಬಂದವರಿದ್ದಾರೆ. ಅವಳು ಎರಡು ವಾರ ಇದ್ದಳು.

ಎರಡನೇ ವಾರ ಒಂದು ದಿನ ಬೆಳಿಗ್ಗೆ ಉತ್ತರದಿಂದ ಬಿಸಿಗಾಳಿ. ವಸಂತದಲ್ಲೇ ಸೆಕೆ. ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಸಮುದ್ರದ ಕಡೆಯಿಂದ ತಣ್ಣನೆ ಗಾಳಿ ನುಗ್ಗಿ ಗಂಟೆಯೊಳಗೆ ಹತ್ತು ಹದಿನೈದು ಡಿಗ್ರಿ ಇಳಿಯಿತು. ಅಲ್ಲಿಯವರು ಇದಕ್ಕೆ ಕೂಲ್ ಚೇಂಜ್ ಅನ್ನುತ್ತಾರೆ, ಒಂದೇ ದಿನದಲ್ಲಿ ನಾಲ್ಕು ಋತು ಅಂತ ತಮಾಷೆಯನ್ನೂ ಮಾಡುತ್ತಾರೆ. ಹವೆ ಹೀಗೆ ಬದಲಾದಾಗ ಪುಡಿಯಲ್ಲಿ ನೀರು ಇಳಿಯುವ ವೇಗವೂ ಬದಲಾಗುತ್ತೆ. 28 ಸೆಕೆಂಡಿಗೆ ಬರಬೇಕಿದ್ದ ಶಾಟ್ 18ಕ್ಕೇ ಬಳಬಳ ಅಂತ ಸುರಿಯಿತು. ಗ್ರೈಂಡರ್ ಒಂದು ಚೂರು ನುಣ್ಣಗೆ ಮಾಡಿದ್ದರೆ ಆಯ್ತು, ಅರ್ಧ ನಿಮಿಷದ ಕೆಲಸ. ಅವಳು ನನಗೆ ಫೋನ್ ಮಾಡಿದಳು. ನಾನು ಮುಂದಿನ ಅಂಗಡಿಗೆ ಒಂದು ಮಾಲ್‌ನಲ್ಲಿ ಜಾಗ ನೋಡುತ್ತಿದ್ದೆ, ಬರಲು ಒಂದೂವರೆ ಗಂಟೆ ಆಗುತ್ತೆ ಅಂದೆ. "ಹಾಗಾದರೆ ಒಂದೂವರೆ ಗಂಟೆ ನಾನು ಈ ನೀರನ್ನು ಜನರಿಗೆ ಕೊಡಬೇಕಾ?" ಅಂದಳು. ನಾನು ಏನು ಹೇಳಿದೆನೋ ನೆನಪಿಲ್ಲ, ಏನೋ ನಿಯಮದ ಮಾತಾಡಿರಬೇಕು. ಮರುದಿನ ಅವಳು ಬರಲಿಲ್ಲ. ಆಮೇಲೆ ನಾನು ಕೀಲಿಯನ್ನು ಕೌಂಟರ್ ಕೆಳಗೆ ಬಿಟ್ಟು ಹೋಗಲು ಶುರು ಮಾಡಿದೆ, ಹೆಡ್ ಆಫೀಸಿಗೆ ಹೇಳದೆ. ಹೊಸ ದೇಶದಲ್ಲಿ ನಾನು ಮಾಡಿದ ಮೊದಲ ಬುದ್ಧಿವಂತ ಕೆಲಸ ಅದು, ಅದನ್ನೂ ಕದ್ದುಮುಚ್ಚಿ ಮಾಡಬೇಕಾಯಿತು.

ಮೆನುವಿನ ಕಥೆ ಇನ್ನೊಂದು. ನಮ್ಮ ಅತಿ ಸಣ್ಣ ಕಪ್ 12 ಔನ್ಸ್. ಅಲ್ಲಿ ಸಾಮಾನ್ಯ ಕಪ್ಪೇ 8 ಔನ್ಸ್. ಅಷ್ಟು ಹಾಲಿನಲ್ಲಿ ಕಾಫಿ ಎಲ್ಲಿದೆ ಅಂತ ಹುಡುಕಬೇಕು ಅಂತ ಒಬ್ಬರು ಮುಖಕ್ಕೇ ಹೇಳಿದರು. ಮೊದಲ ಮೂರು ತಿಂಗಳು ಮೆನು ಬೋರ್ಡಿನಲ್ಲಿ ಫ್ಲಾಟ್ ವೈಟ್ ಇರಲೇ ಇಲ್ಲ, ಆಸ್ಟ್ರೇಲಿಯಾದಲ್ಲಿ! ಎಸ್ಪ್ರೆಸೊಗೆ ಬಿಸಿನೀರು ಬೆರೆಸುವ ಅಮೆರಿಕಾನೊ ಇತ್ತು, ಲಾಂಗ್ ಬ್ಲ್ಯಾಕ್ ಇರಲಿಲ್ಲ. ಎರಡೂ ಒಂದೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಲಾಂಗ್ ಬ್ಲ್ಯಾಕ್‌ಗೆ ಮೊದಲು ಬಿಸಿನೀರು, ಅದರ ಮೇಲೆ ಶಾಟ್, ಹಾಗಾಗಿ ಕೆನೆ ಒಡೆಯಲ್ಲ, ನೀರೂ ಕಡಿಮೆ. ಕ್ಯಾಪುಚಿನೊ ಮೇಲೆ ಚಾಕಲೇಟ್ ಪುಡಿ ಉದುರಿಸದೆ ಕೊಟ್ಟರೆ ಜನ ಏನೋ ಮರೆತಿರಾ ಅನ್ನುವ ಹಾಗೆ ನೋಡುತ್ತಿದ್ದರು. ಒಂದು ದಿನ ನಾನೇ ಕ್ಯಾಷ್‌ನಲ್ಲಿ ನಿಂತಿದ್ದಾಗ ಒಬ್ಬ "ಒಂದು ಮ್ಯಾಜಿಕ್" ಅಂದ. ನಾನು ನಕ್ಕೆ, ತಮಾಷೆ ಅಂದುಕೊಂಡು. ಅವನು ನಗಲಿಲ್ಲ. ಮ್ಯಾಜಿಕ್ ಅಂದರೆ ಡಬಲ್ ರಿಸ್ಟ್ರೆಟೊ (ಕಡಿಮೆ ನೀರಲ್ಲಿ ಇಳಿಸಿದ ಗಟ್ಟಿ ಶಾಟ್) ಹಾಕಿ, ಮುಕ್ಕಾಲು ಕಪ್ ಮಾತ್ರ ಹಾಲು ತುಂಬಿ ಕೊಡುವ ಕಾಫಿ. ಮೆಲ್ಬರ್ನ್‌ನವರ ಒಳಗಿನ ಗುಟ್ಟು ಅದು, ಬೋರ್ಡಿನಲ್ಲಿ ಹಾಕದೆಯೇ ಮಾಡಿಕೊಡುತ್ತಾರೆ. ಆ ಗಿರಾಕಿ ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಮಾಲ್ ಅಂಗಡಿಯ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಬಾಡಿಗೆ ಭಾರಿ, ಪ್ರತಿ ವರ್ಷ ಕರಾರಿನ ಪ್ರಕಾರ ಏರಿಕೆ, ಮಾಲ್ ತೆರೆದಿರುವಷ್ಟು ಹೊತ್ತೂ ನಾವು ತೆರೆದಿರಲೇಬೇಕು ಅನ್ನೋ ಷರತ್ತು. 2018ರ ಮಾರ್ಚ್‌ನಲ್ಲಿ ತೆರೆದೆವು, 14 ತಿಂಗಳಿಗೆ ಕೈ ಎತ್ತಿದೆವು. ಬ್ಯಾಂಕ್ ಗ್ಯಾರಂಟಿಯೂ ಹೋಯಿತು.

ಸ್ವಾನ್ಸ್‌ಟನ್ ಸ್ಟ್ರೀಟ್ ಅಂಗಡಿ ಮಾತ್ರ ಬೇರೆ ಥರ. ರಾಜ್ಯ ಗ್ರಂಥಾಲಯ, ಆರ್‌ಎಂಐಟಿ ವಿಶ್ವವಿದ್ಯಾಲಯ ಎಲ್ಲ ಹತ್ತಿರ. ಚೀನಾ, ಮಲೇಷ್ಯಾ, ಇಂಡೋನೇಷ್ಯಾ, ವಿಯೆಟ್ನಾಂ, ಭಾರತದಿಂದ ಬಂದ ವಿದ್ಯಾರ್ಥಿಗಳು ಸುತ್ತಮುತ್ತಲ ಸಣ್ಣ ಸಣ್ಣ ರೂಮುಗಳಲ್ಲಿ ಇರುತ್ತಾರೆ. ನಾಲ್ಕು ಜನ ಕೂತು ಮಾತಾಡಲು ಅವರ ರೂಮಿನಲ್ಲಿ ಜಾಗ ಇಲ್ಲ, ಎಷ್ಟೋ ಜನ ಪಬ್‌ಗೆ ಹೋಗುವವರೂ ಅಲ್ಲ. ಅವರಿಗೆ ನಮ್ಮ ಸೋಫಾ ಬೇಕಿತ್ತು, ವೈಫೈ ಬೇಕಿತ್ತು, ರಾತ್ರಿ ಹತ್ತರವರೆಗೆ ದೀಪ ಉರಿಯುವ ಒಂದು ಜಾಗ ಬೇಕಿತ್ತು. ಬೆಳಿಗ್ಗೆ ನೊಣ ಹೊಡೆಯುವ ಅಂಗಡಿ ಸಂಜೆ ಏಳಕ್ಕೆ ತುಂಬಿ ತುಳುಕುತ್ತಿತ್ತು. ಹೆಡ್ ಆಫೀಸಿನವರು ಫೋಟೋ ನೋಡಿ ಕುಣಿದಾಡಿದರು. ಬಿಲ್ಲು ನೋಡಿದ ಮೇಲೆ ಸುಮ್ಮನಾದರು. ಐದು ಜನ ಕೂತು ಎರಡು ತಣ್ಣನೆ ಪಾನೀಯ ತಗೊಂಡು ಮೂರು ಗಂಟೆ ಅಸೈನ್‌ಮೆಂಟ್ ಬರೆದರೆ ಏನು ಗಿಟ್ಟುತ್ತೆ? ಬಿಸಿ ಕಾಫಿ ಯಾರೂ ಕೇಳುತ್ತಲೇ ಇರಲಿಲ್ಲ. ಕಾಲಿನ್ಸ್ ಸ್ಟ್ರೀಟ್‌ನಲ್ಲಿ ಕಾಫಿ ಬೇಕಿದ್ದವರಿಗೆ ನಮ್ಮ ಜಾಗ ಬೇಕಿರಲಿಲ್ಲ, ಇಲ್ಲಿ ಜಾಗ ಬೇಕಿದ್ದವರಿಗೆ ನಮ್ಮ ಕಾಫಿ ಬೇಕಿರಲಿಲ್ಲ. ನಾವು ಮಾರುತ್ತಿದ್ದದ್ದು ಎರಡನ್ನೂ ಸೇರಿಸಿ.

2019ರ ಆರಂಭದಲ್ಲಿ ನಾನು ಜಗಳ ಆಡಿಯೇ ಒಂದು ಪ್ರಯೋಗಕ್ಕೆ ಒಪ್ಪಿಗೆ ತಗೊಂಡೆ. ಒಂದು ಆಸ್ಪತ್ರೆಯ ಮುಂಬಾಗಿಲ ಹತ್ತಿರ ಗೂಡಂಗಡಿ, ನಾಲ್ಕು ಹೆಜ್ಜೆ ಇಟ್ಟರೆ ಗೋಡೆ. ಕೂರಲು ಜಾಗ ಇಲ್ಲ. ಬೆಳಿಗ್ಗೆ ಆರೂವರೆಗೆ ತೆರೆದು ಎರಡೂವರೆಗೆ ಮುಚ್ಚುವುದು, ರಜಾದಿನ ಪೂರ್ತಿ ಬಂದ್. ಊರಿನ ರೋಸ್ಟರ್ ಒಬ್ಬರ ಹತ್ತಿರ ಬೀಜ ತಗೊಂಡೆವು. ವಾರಕ್ಕೆ ಇಂತಿಷ್ಟು ಕಿಲೋ ತಗೊಳ್ಳುತ್ತೇವೆ ಅಂತ ಒಪ್ಪಿದರೆ ಮಷೀನ್, ಗ್ರೈಂಡರ್ ಅವರೇ ಕೊಟ್ಟು ರಿಪೇರಿಯನ್ನೂ ನೋಡಿಕೊಳ್ಳುತ್ತಾರೆ, ಅಲ್ಲಿ ಇದು ಮಾಮೂಲಿ ಪದ್ಧತಿ. ನಮ್ಮ ಬಂಡವಾಳದ ಅರ್ಧ ಅಲ್ಲೇ ಉಳಿಯಿತು. ಎರಡೇ ಅಳತೆಯ ಕಪ್. ಹತ್ತು ಕಾಫಿಗೆ ಒಂದು ಫ್ರೀ ಅನ್ನೋ ಮುದ್ರೆ ಒತ್ತುವ ಕಾಗದದ ಕಾರ್ಡು. ನಮ್ಮ ಆಪ್‌ಗೆ ಖರ್ಚು ಮಾಡಿದ ದುಡ್ಡಿನಲ್ಲಿ ಅಂಥ ಕಾರ್ಡು ಲಾರಿಗಟ್ಟಲೆ ಮುದ್ರಿಸಬಹುದಿತ್ತು. ಬರಿಸ್ಟಾಗೆ ಪೂರ್ತಿ ಸ್ವಾತಂತ್ರ್ಯ, ಗ್ರೈಂಡರ್‌ಗೆ ಬೀಗ ಇಲ್ಲ. ನೈಟ್ ಶಿಫ್ಟ್ ಮುಗಿಸಿ ಬರುವ ನರ್ಸುಗಳ ಹೆಸರು, ಅವರ ಕಾಫಿ ಎಲ್ಲ ಒಂದು ತಿಂಗಳಲ್ಲಿ ಅವನಿಗೆ ಬಾಯಿಪಾಠ. ಅವರು ಲಿಫ್ಟ್‌ನಿಂದ ಇಳಿಯುವುದು ಕಂಡರೆ ಹಾಲು ಕಾಯಿಸಲು ಶುರು ಮಾಡುತ್ತಿದ್ದ.

ನಾಲ್ಕನೇ ತಿಂಗಳಿಗೆ ಲಾಭ. ನಮ್ಮ ಇಡೀ ಆಸ್ಟ್ರೇಲಿಯಾ ವ್ಯವಹಾರದಲ್ಲಿ ಮೊದಲ ಲಾಭ.

ಹೆಡ್ ಆಫೀಸಿನ ದೊಡ್ಡವರೊಬ್ಬರು ಬಂದು ನೋಡಿದರು. ಕಾಫಿ ಕುಡಿದರು, ಚೆನ್ನಾಗಿದೆ ಅಂದರು, ಆಮೇಲೆ ಸುತ್ತ ಕಣ್ಣಾಡಿಸಿ ಕೇಳಿದರು: "ಇದರಲ್ಲಿ ನಮ್ಮದು ಏನಿದೆ? ಬೀಜ ಬೇರೆಯವರದು, ಮಷೀನ್ ಬೇರೆಯವರದು, ಮೆನು ಇಲ್ಲಿಯದು. ಬೋರ್ಡ್ ಒಂದೇ ನಮ್ಮದು." ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಇಂಥ ಗೂಡಂಗಡಿ ಇಪ್ಪತ್ತು ತೆರೆದರೆ ದುಡ್ಡು ಬರುತ್ತಿತ್ತು ಅಂತ ನಾನು ವಾದ ಮಾಡಿದೆ, ಆದರೆ ದೂರದ ಊರಿನಲ್ಲಿ ಕೂತು ಅದನ್ನು ನಡೆಸಲು ನಮ್ಮಂಥ ಕಂಪನಿಯೇ ಯಾಕೆ ಬೇಕು ಅನ್ನೋದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಆ ಗೂಡಂಗಡಿಯನ್ನು ಅದೇ ರೋಸ್ಟರ್ ಕೊಂಡರು. ಅವರಿಗೆ ಬೋರ್ಡೂ ಬೇಕಿರಲಿಲ್ಲ.

ಕಾಲಿನ್ಸ್ ಸ್ಟ್ರೀಟ್ ಅಂಗಡಿ ಬಿಡುವಾಗ ಕರಾರಿನಲ್ಲಿದ್ದ ಒಂದು ಷರತ್ತಿನ ಬಿಸಿ ತಟ್ಟಿತು. ಜಾಗ ತಗೊಂಡಾಗ ಹೇಗಿತ್ತೋ ಹಾಗೇ ಮಾಡಿ ಒಪ್ಪಿಸಬೇಕು. ಕೌಂಟರ್ ಕೀಳಬೇಕು, ನೆಲದ ಹಾಸು ಕೀಳಬೇಕು, ಗೋಡೆಗೆ ಬಣ್ಣ ಹೊಡೆಸಬೇಕು. ತಿಂಗಳುಗಟ್ಟಲೆ ಕಾದು ಕೂರಿಸಿದ್ದ ಗ್ರೀಸ್ ಟ್ರ್ಯಾಪನ್ನು ಇರಲಿ ಬಿಡಿ ಅಂದರು ಮಾಲೀಕರು, ಮುಂದೆ ಬರುವವರಿಗೆ ಅನುಕೂಲ ಆಗುತ್ತಂತೆ.

ಸ್ವಾನ್ಸ್‌ಟನ್ ಸ್ಟ್ರೀಟ್‌ನದ್ದು ಹಾಗಾಗಲಿಲ್ಲ. ಬಬಲ್ ಟೀ ಮಾರುವ ದಂಪತಿ ಬಂದು ಕರಾರನ್ನು ನಮ್ಮಿಂದ ತಮ್ಮ ಹೆಸರಿಗೆ ಬರೆಸಿಕೊಂಡರು. ಎಸ್ಪ್ರೆಸೊ ಮಷೀನ್ ಬೇಡ ಅಂದರು, ಸೋಫಾ ಬೇಕು ಅಂದರು. ಕುಡಿಯಲು ಏನೂ ತಗೊಳ್ಳದೆ ಕೂರುವವರಿಗೆ ಏನು ಮಾಡುತ್ತೀರಿ ಅಂತ ಕೇಳಿದೆ. ಆಯಮ್ಮ ಹೇಳಿದರು, "ತಲೆಗೊಂದು ಡ್ರಿಂಕ್, ಒಂದೂವರೆ ಗಂಟೆ ಅಂತ ಬೋರ್ಡ್ ಹಾಕ್ತೀವಿ." ಅಷ್ಟೇ. ಒಂದು ಬೋರ್ಡ್. ನಮ್ಮಲ್ಲಿ ಅದು ಬ್ರಾಂಡಿಗೆ ವಿರುದ್ಧ ಅಂತ ಒಂದಿಡೀ ಮೀಟಿಂಗ್ ಮಾಡಿ ಕೈಬಿಟ್ಟಿದ್ದೆವು.

ಡಿಸೆಂಬರ್‌ನಲ್ಲಿ ಊರು ಬಿಡುವ ಮುಂಚೆ ಒಂದು ರಾತ್ರಿ ಆ ಕಡೆ ಹೋದೆ. ಒಂಬತ್ತೂವರೆ ಆಗಿತ್ತು, ಹೊರಗೆ ಕ್ಯೂ ಇತ್ತು. ನಮ್ಮದೇ ಸೋಫಾಗಳು, ಬಟ್ಟೆ ಮಾತ್ರ ಬದಲಾಯಿಸಿದ್ದರು. ಕೂರಲು ಜಾಗ ಸಿಗದೆ ನಾನು ಡ್ರಿಂಕನ್ನು ಪಾರ್ಸೆಲ್ ತಗೊಂಡು ಟ್ರಾಮ್ ಹತ್ತಿದೆ.